ಕೊನೆಯ ಕಂತಿಗೆ ಬರೆದ ಬೆನ್ನು

ನಮ್ಮ ಮನೆಯವರಿಗೆ ಇಲ್ಲದ ಮುಖವನ್ನು ಬರೆಯಲು ಬರುವುದಿಲ್ಲ. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ವಾರಪತ್ರಿಕೆಯ ಕತೆಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವರಿಗೆ ಇದು ದೊಡ್ಡ ಕೊರತೆಯೇ. ಬೇರೆ ಚಿತ್ರಗಾರರು ಎರಡು ಗೆರೆ ಎಳೆದು ಒಂದು ಮೂಗು ಕೂರಿಸಿದರೆ ಹೊಸ ಮನುಷ್ಯನೊಬ್ಬ ಹುಟ್ಟಿಬಿಡುತ್ತಾನೆ. ಇವರಿಗೆ ಹಾಗಲ್ಲ. ಬಸ್ಸಿನಲ್ಲೋ, ಕ್ಷೌರದಂಗಡಿಯಲ್ಲೋ, ನಮ್ಮ ಮಹಡಿಯ ಮೆಟ್ಟಿಲಿನ ಮೇಲೋ ಕಣ್ಣಾರೆ ಕಂಡ ಮುಖವೇ ಆಗಬೇಕು. ಅದಕ್ಕೆ ಇವರಿಟ್ಟ ಹೆಸರು ಮುಖ ಕೊಡುವುದು.

"ಕೇಳಿದ್ಯಾ, ಈ ವಕೀಲನಿಗೆ ಯಾರ ಮುಖ ಕೊಡಲಿ?" ಎಂದು ಕಿಟಕಿ ಪಕ್ಕದ ಮೇಜಿನಿಂದ ಕೇಳುತ್ತಿದ್ದರು.

"ಮೇಲಿನ ಮನೆಯವರದು ಕೊಡಿ. ಆ ಗಡ್ಡ ಸುಮ್ಮನೆ ದಂಡ ಆಗ್ತಿದೆ" ಎಂದು ನಾನು ಒಲೆಯ ಮುಂದಿನಿಂದ ಹೇಳುತ್ತಿದ್ದೆ.

ಹೀಗೆ ನಮ್ಮ ಬೀದಿಯ ಅರ್ಧ ಜನ ಅವರಿಗೇ ತಿಳಿಯದಂತೆ ಪತ್ರಿಕೆಯಲ್ಲಿ ಬಂದುಹೋಗಿದ್ದರು. ಅಂಚೆಯವನು ಪೊಲೀಸ್ ಇನ್‌ಸ್ಪೆಕ್ಟರ್ ಆದ. ಮನೆ ಮಾಲೀಕರ ಹೆಂಡತಿ ಎರಡು ಸಲ ವಿಧವೆಯಾದರು, ಒಂದು ಸಲ ಕೊಲೆಯೂ ಆದರು. ಇವರು ಒಬ್ಬರಿಗೆ ಟೋಪಿ ಹಾಕಿ, ಇನ್ನೊಬ್ಬರ ಮೀಸೆ ಬೋಳಿಸಿ, ಮತ್ತೊಬ್ಬರಿಗೆ ಹತ್ತು ವರ್ಷ ವಯಸ್ಸು ಸೇರಿಸಿ ಗುರುತು ಸಿಗದ ಹಾಗೆ ಮಾಡುತ್ತಿದ್ದರು. ಗುಟ್ಟು ನಮ್ಮಿಬ್ಬರ ನಡುವೆ ಇತ್ತು. ಕೊಲೆಯಾದ ಮರುವಾರ ಆ ಮಾಲೀಕರ ಹೆಂಡತಿ ನೀರಿನ ತಗಾದೆ ತೆಗೆದುಕೊಂಡು ಬಾಗಿಲಿಗೆ ಬಂದಾಗ, ಇವರು ನಗು ತಡೆಯಲಾರದೆ ಬಚ್ಚಲುಮನೆಗೆ ಓಡಿಹೋಗಿ ಕದ ಹಾಕಿಕೊಂಡಿದ್ದರು. ಬೈಗುಳವನ್ನೆಲ್ಲ ನಿಂತು ಕೇಳಿಸಿಕೊಂಡವಳು ನಾನು.

ಇನ್ನು ನನ್ನ ಅಣ್ಣನ ವಿಷಯ ಹೇಳಬೇಕು. ಅವನಿಲ್ಲದೆ ಇವರ ಕತೆ ಹೇಳಲು ಆಗುವುದಿಲ್ಲ.

ನಾನು ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿದ್ದಾಗಲೇ ಅಪ್ಪ ಅಮ್ಮ ಇಬ್ಬರೂ ಹೋದರು. ಅಣ್ಣ ಆಗಿನ್ನೂ ಮೀಸೆ ಚಿಗುರುತ್ತಿದ್ದ ಹುಡುಗ. ಬೀದಿಯ ಮೂಲೆಯ ಔಷಧದಂಗಡಿಯಲ್ಲಿ ಸೀಸೆ ತೊಳೆಯುವ ಕೆಲಸಕ್ಕೆ ಸೇರಿ, ಪರೀಕ್ಷೆಗೆ ಓದಿ ಪಾಸು ಮಾಡಿ, ಮುದುಕ ಮಾಲೀಕರ ಕಾಲಾನಂತರ ಅದೇ ಅಂಗಡಿಯನ್ನು ತಾನೇ ನಡೆಸಿದ. ನನ್ನನ್ನು ಓದಿಸಿದ, ಮದುವೆ ಮಾಡಿದ. ತಾನು ಮಾತ್ರ ಮದುವೆಯಾಗಲಿಲ್ಲ, ಕೇಳಿದರೆ "ಅಂಗಡಿ ಬಾಗಿಲು ಹಾಕೋಕೆ ಪುರುಸೊತ್ತಿಲ್ಲ" ಎಂದು ನಗುತ್ತಿದ್ದ. ನನಗೆ ತವರು ಎಂದರೆ ಆ ಅಂಗಡಿ, ಆ ಗಾಜಿನ ಕೌಂಟರು, ಅದರ ಹಿಂದೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ನಿಂತ ಅಣ್ಣ. ಬೇರೆ ತವರು ನನಗಿರಲಿಲ್ಲ.

ಇವರ ಸಂಬಂಧ ಬಂದಾಗ ಚಿಕ್ಕಪ್ಪಂದಿರು ಒಬ್ಬರಾದ ಮೇಲೊಬ್ಬರು ಮೂಗು ಮುರಿದರು. "ಗೊಂಬೆ ಬರೆಯೋನಿಗೆ ಹೆಣ್ಣು ಕೊಡ್ತೀಯೇನೋ?" ಎಂದರು. ಅಣ್ಣ ಒಂದೇ ಮಾತು ಹೇಳಿದ. "ಗೊಂಬೆ ಬರೆಯೋರು ಮನುಷ್ಯರ ಮುಖ ಸರಿಯಾಗಿ ನೋಡಿರ್ತಾರೆ. ನಮ್ಮ ಹುಡುಗಿ ಮುಖ ಸಪ್ಪಗಾದ್ರೆ ಅವರಿಗೆ ತಕ್ಷಣ ಗೊತ್ತಾಗತ್ತೆ." ಚಿಕ್ಕಪ್ಪಂದಿರು ಬಾಯಿ ಮುಚ್ಚಿಕೊಂಡರು. ಅಂದಿನಿಂದ ಇವರನ್ನು ಅಣ್ಣ ಕರೆಯುತ್ತಿದ್ದದ್ದು "ಚಿತ್ರಗಾರರೇ" ಎಂದು. ಅದರಲ್ಲಿ ಅರ್ಧ ತಮಾಷೆ, ಅರ್ಧ ಮರ್ಯಾದೆ.

ಭಾನುವಾರ ಮಧ್ಯಾಹ್ನ ಅಣ್ಣನ ಊಟ ನಮ್ಮ ಮನೆಯಲ್ಲಿ. ಬರುವಾಗ ಕಂಕುಳಲ್ಲಿ ವಾರಪತ್ರಿಕೆ ಇರುತ್ತಿತ್ತು. ನಮಗೆ ಕಚೇರಿಯಿಂದ ಬಿಟ್ಟಿ ಪ್ರತಿ ಬರುತ್ತಿದ್ದರೂ ಅವನು ತನ್ನದನ್ನು ಕೊಂಡೇ ತರುತ್ತಿದ್ದ. "ಬಿಟ್ಟಿ ಓದಿದ್ರೆ ಕೊಲೆಗಾರ ಸಿಗಲ್ಲ" ಎಂಬುದು ಅವನ ವಾದ.

ಕೊಲೆಗಾರ ಎಂದದ್ದು ಯಾಕೆಂದರೆ, ಆ ಕಾಲದಲ್ಲಿ ಪತ್ರಿಕೆ ಬದುಕಿದ್ದದ್ದೇ ಕೊಲೆಗಳ ಮೇಲೆ. ಸಂಪಾದಕರು ಹಳೆಯ ಹೊರದೇಶದ ಪತ್ತೇದಾರಿ ಕಾದಂಬರಿಗಳನ್ನು ಅನುವಾದ ಮಾಡಿಸಿ ಧಾರಾವಾಹಿಯಾಗಿ ಹಾಕಲು ಶುರುಮಾಡಿದ್ದರು. ದೊಡ್ಡ ಮನೆ, ಮುಚ್ಚಿದ ಕೋಣೆ, ಒಬ್ಬ ಸತ್ತವರು, ಏಳೆಂಟು ಜನ ಅನುಮಾನಸ್ಥರು, ಎಲ್ಲರನ್ನೂ ಒಂದೇ ಕೋಣೆಗೆ ಕರೆದು ಕೂರಿಸಿ ಕೊನೆಗೆ ಬೆರಳು ತೋರಿಸುವ ಪತ್ತೇದಾರ. ಜನ ಬಿಸಿಬಿಸಿಯಾಗಿ ಕೊಂಡು ಓದಿದರು. ಮೊದಲನೆಯ ಕಾದಂಬರಿಯಲ್ಲಿ ಮಾತ್ರ ಒಂದು ಅನಾಹುತವಾಯಿತು. ಮುದ್ರಣಾಲಯದ ಯಾರೋ ಪುಣ್ಯಾತ್ಮ ಕೊಲೆಗಾರನ ಹೆಸರನ್ನು ಟೀ ಅಂಗಡಿಯಲ್ಲಿ ಬಾಯಿಬಿಟ್ಟ. ಕೊನೆಯ ಸಂಚಿಕೆಯ ಕಟ್ಟುಗಳು ಕಟ್ಟುಗಳಾಗಿಯೇ ವಾಪಸು ಬಂದವು. ಅಂದಿನಿಂದ ಸಂಪಾದಕರು ಮೂಲ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡರು. ಅನುವಾದದ ಮೇಷ್ಟ್ರು ಅವರೆದುರೇ ಕೂತು ಬರೆಯಬೇಕು. ಇವರಿಗೆ ಸಿಗುತ್ತಿದ್ದದ್ದು ಆಯಾ ವಾರದ ಕಂತಿನ ಹಾಳೆಗಳು ಮಾತ್ರ. ಮುಂದೇನು ಎಂದು ಕೇಳಿದರೆ "ಚಿತ್ರ ಬರೀರಿ ಸ್ವಾಮಿ, ಜ್ಯೋತಿಷ್ಯ ಕೇಳಬೇಡಿ" ಎನ್ನುತ್ತಿದ್ದರು.

ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ತಿಳಿಯದೆಯೇ ಮುಖ ಕೊಡಬೇಕಾದ ಕೆಲಸ ಅದು. ಒಮ್ಮೆ ಕೊಟ್ಟರೆ ಮುಗಿಯಿತು, ಕೊನೆಯ ಕಂತಿನವರೆಗೂ ಅದೇ ಮುಖ.

ಆ ವರ್ಷದ ಕಾದಂಬರಿಯಲ್ಲಿ ಹಾಸಿಗೆ ಹಿಡಿದ ಒಬ್ಬಳು ಶ್ರೀಮಂತ ಮುದುಕಿ ಇದ್ದಳು. ಅವಳ ಮಕ್ಕಳು ಮೊಮ್ಮಕ್ಕಳೆಲ್ಲ ಆಸ್ತಿಯ ಮೇಲೆ ಕಣ್ಣಿಟ್ಟವರು. ಅವಳನ್ನು ಮನುಷ್ಯಳಂತೆ ಕಾಣುವವನು ಒಬ್ಬನೇ, ದಿನವೂ ಸಂಜೆ ಟಾನಿಕ್ಕಿನ ಸೀಸೆ ಹಿಡಿದು ಬರುವ ಔಷಧದಂಗಡಿಯವನು. ಬಂದು ಅವಳ ಪಕ್ಕದಲ್ಲಿ ಕೂತು ಪೇಪರು ಓದಿ ಹೇಳುತ್ತಿದ್ದ. ಅವಳ ಕನ್ನಡಕ ಒರೆಸಿಕೊಡುತ್ತಿದ್ದ.

ಮೊದಲ ಕಂತಿನ ಆ ಹಾಳೆಗಳನ್ನು ಓದಿ ಮುಗಿಸಿ ಇವರು ಯಾರ ಮುಖ ಕೊಡಲಿ ಎಂದು ನನ್ನನ್ನು ಕೇಳಲೇ ಇಲ್ಲ. ಮಧ್ಯಾಹ್ನವಿಡೀ ಬಗ್ಗಿ ಕೂತು ಬರೆದು, ಶಾಯಿ ಆರಲು ಚಿತ್ರವನ್ನು ಗೋಡೆಗೆ ಒರಗಿಸಿದರು. ನೋಡಿದರೆ ಅಣ್ಣ. ಟೋಪಿ ಇಲ್ಲ, ಮೀಸೆ ಬದಲಾಗಿಲ್ಲ, ಬಲ ಹುಬ್ಬಿನ ಮೇಲಿನ ಗಾಯದ ಗೆರೆ ಕೂಡ ಹಾಗೇ ಇದೆ. ಕಿವಿಗೆ ಪೆನ್ಸಿಲ್. ಮುದುಕಿಯ ಕಡೆ ಸ್ವಲ್ಪ ಬಾಗಿ, ಜ್ವರ ಬಂದಾಗ ನನ್ನ ಕಡೆ ಬಾಗುತ್ತಿದ್ದ ಹಾಗೆ.

"ಗುರುತು ಸಿಗತ್ತಲ್ರೀ" ಎಂದೆ.

"ಸಿಗಲಿ. ಒಳ್ಳೇ ಮನುಷ್ಯನ ಮುಖ ಯಾಕೆ ಬಚ್ಚಿಡಬೇಕು?" ಎಂದರು.

ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿಬಂತು. ಅಣ್ಣನಿಗಾಗಿ ನಾವು ಅದುವರೆಗೆ ಏನೂ ಮಾಡಿರಲಿಲ್ಲ.

ಅಣ್ಣ ಆ ಸಂಚಿಕೆ ತೆರೆದವನು ಕನ್ನಡಕ ತೆಗೆದು ಒರೆಸಿಕೊಂಡ. ಮಾರನೇ ದಿನವೇ ಆ ಚಿತ್ರವನ್ನು ಕತ್ತರಿಸಿ ಕೌಂಟರಿನ ಗಾಜಿನ ಕೆಳಗೆ ಇಟ್ಟ. ಮಾತ್ರೆ ಕೊಳ್ಳಲು ಬಂದವರೆಲ್ಲ ಬಗ್ಗಿ ನೋಡುವುದು, ತಲೆಯೆತ್ತಿ ಅಣ್ಣನನ್ನು ನೋಡುವುದು, ನಗುವುದು. "ನಮ್ಮ ತಂಗಿ ಯಜಮಾನರು ಬರೆದದ್ದು" ಎಂದು ಅಣ್ಣ ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ. ಬೀದಿಯಲ್ಲಿ ಯಾರಿಗೂ ತಿಳಿಯದೆ ಉಳಿಯಲು ದಾರಿಯೇ ಇರಲಿಲ್ಲ. ವಾರವಾರ ಅಂಗಡಿಯಲ್ಲೇ ಕತೆಯ ಚರ್ಚೆ. ಪ್ರತಿವಾರ ಕೆಮ್ಮಿನ ಔಷಧಕ್ಕೆ ಬರುತ್ತಿದ್ದ ಒಬ್ಬ ಅಜ್ಜಿ ಇದ್ದಳು, ಎಲ್ಲರೂ ಅವಳನ್ನು ಕೆಮ್ಮಿನಜ್ಜಿ ಎನ್ನುತ್ತಿದ್ದರು. ಅವಳಿಗೆ ಓದಲು ಬಾರದು. ಅಣ್ಣನೇ ಕಂತು ಓದಿ ಹೇಳುತ್ತಿದ್ದ. "ಆ ಮನೇಲಿ ನೀನೊಬ್ಬನೇ ಕಣಪ್ಪ ಮನುಷ್ಯ" ಎಂದು ಅವಳು ಅಣ್ಣನ ಕೈ ತಟ್ಟುತ್ತಿದ್ದಳು. ಕತೆಯ ಮುದುಕಿ ಸತ್ತ ವಾರ ಅವಳು ಎರಡು ಸಲ ಕಣ್ಣು ಒರೆಸಿಕೊಂಡಳಂತೆ.

ಮುಂದೆ ನಡೆದದ್ದನ್ನು ಓದುಗರು ಊಹಿಸಿರಬಹುದು. ನಾವು ಊಹಿಸಲಿಲ್ಲ. ಅಷ್ಟು ಕೊಲೆ ಕತೆಗಳಿಗೆ ಚಿತ್ರ ಬರೆದ ಮನುಷ್ಯನಿಗೆ, ಅಂಥ ಕತೆಗಳಲ್ಲಿ ಎಲ್ಲರಿಗಿಂತ ಒಳ್ಳೆಯವನನ್ನೇ ಮೊದಲು ಅನುಮಾನಿಸಬೇಕು ಎಂಬ ಬುದ್ಧಿ ಇರಬೇಡವೇ? ಇವರಿಗಿರಲಿಲ್ಲ. ಪ್ರೀತಿ ಉಕ್ಕಿದರೆ ಬುದ್ಧಿ ಕೆಲಸ ಮಾಡುವುದಿಲ್ಲ, ಇವರದಂತೂ ಮೊದಲೇ ನಿಧಾನ.

ಕೊನೆಯ ಕಂತಿನ ಹಾಳೆಗಳು ಕೈಗೆ ಬಂದದ್ದು ಒಂದು ಗುರುವಾರ. ಅದರಲ್ಲಿ ಪತ್ತೇದಾರ ಎಲ್ಲರನ್ನೂ ಹಾಲ್‌ನಲ್ಲಿ ಕೂರಿಸಿ ಬೆರಳು ತೋರಿಸಿದ್ದು ಔಷಧದಂಗಡಿಯವನ ಕಡೆಗೆ. ದಿನವೂ ಟಾನಿಕ್ಕಿನಲ್ಲಿ ಒಂದಿಷ್ಟು ವಿಷ ಬೆರೆಸಿ, ಪೇಪರು ಓದುತ್ತಾ ಅವಳು ಕುಡಿಯುವುದನ್ನು ನೋಡುತ್ತಿದ್ದನಂತೆ ಆ ಮನೆಹಾಳ.

ಇವರು ಆ ಹಾಳೆಗಳನ್ನು ಮಡಚಿ ನೇರ ಸಂಪಾದಕರ ಕೋಣೆಗೆ ಹೋದರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಮುಖ ಬದಲಾಯಿಸಲೇ ಎಂದು ಕೇಳಿದರು. ಸಂಪಾದಕರು ಕಣ್ಣು ಕೆಕ್ಕರಿಸಿದರು. "ಇಷ್ಟು ವಾರ ಒಂದು ಮುಖ ತೋರಿಸಿ, ಕೊನೇಲಿ ಇನ್ನೊಂದು ಮುಖ ಹಾಕಿದ್ರೆ ಓದುಗರು ನನ್ನ ಮುಖಕ್ಕೆ ಮಂಗಳಾರತಿ ಮಾಡ್ತಾರೆ. ಆ ಮುಖಾನೇ ಬರೀರಿ" ಎಂದರು. ಅದು ನಮ್ಮ ಭಾವನ ಮುಖ ಎಂದು ಹೇಳುವಷ್ಟು ಬಾಯಿ ಇವರಿಗೆ ಬರಲಿಲ್ಲ.

ಮನೆಗೆ ಬಂದು ಇವರು ಒಂದು ಉಪಾಯ ಮಾಡಿದರು. ಅವರ ಬದುಕಿನಲ್ಲಿ ಅದಕ್ಕಿಂತ ಕೆಟ್ಟ ಉಪಾಯ ಇನ್ನೊಂದಿಲ್ಲ. ಪೊಲೀಸರ ನಡುವೆ ಬಾಗಿಲಾಚೆ ಹೋಗುತ್ತಿರುವ ಔಷಧದಂಗಡಿಯವನ ಬೆನ್ನನ್ನು ಮಾತ್ರ ಬರೆದರು. ಬಗ್ಗಿದ ಭುಜ, ಕೋಟು, ಕತ್ತಿನ ಹಿಂಭಾಗ. ಮುಖ ಇಲ್ಲ. ಮುಖ ಕೊಡದೆ ಇವರು ಬರೆದ ಚಿತ್ರ ಅದೊಂದೇ.

ಚಿತ್ರ ಕೊಟ್ಟುಬಂದ ಮೇಲೆ, ಪತ್ರಿಕೆ ಅಚ್ಚಾಗಿ ಬರುವ ಮೊದಲು, ನಡುವೆ ಒಂದು ಭಾನುವಾರ ಇತ್ತು. ಅಣ್ಣ ಎಂದಿನಂತೆ ಊಟಕ್ಕೆ ಬಂದ. ಇವರೆದುರು ಕೂತ. ಇನ್ನೊಂದೇ ಕಂತು ಉಳಿದಿದೆ ಎಂಬ ಉತ್ಸಾಹದಲ್ಲಿ ಅವನಿಗೆ ತಟ್ಟೆಯಲ್ಲಿ ಏನಿದೆ ಎಂಬುದೂ ಕಾಣುತ್ತಿರಲಿಲ್ಲ.

"ಚಿತ್ರಗಾರರೇ, ನನ್ನ ಲೆಕ್ಕದಲ್ಲಿ ಆ ವಕೀಲನೇ. ಉಯಿಲು ಬದಲಾಯಿಸಿದ್ದು ಅವನೇ ತಾನೇ? ಅಂಗಡೀಲಿ ಅರ್ಧ ಜನ ಮೊಮ್ಮಗ ಅಂತಾರೆ. ಕೆಮ್ಮಿನಜ್ಜಿ ಮಾತ್ರ ಮನೆ ಕೆಲಸದವಳು ಅಂತಾಳೆ, ಅವಳಿಗೆ ಹಳೇ ದ್ವೇಷ." ಹೀಗೆ ಹೇಳುತ್ತಾ ಹೇಳುತ್ತಾ ಅಣ್ಣ ಕೈ ನಿಲ್ಲಿಸಿ ಇವರ ಕಡೆ ಬಗ್ಗಿದ. "ನಿಜ ಹೇಳಿ. ನಿಮಗೆ ಗೊತ್ತಾ ಯಾರು ಅಂತ?"

ಇವರು ಲೋಟ ಎತ್ತಿ ನೀರು ಕುಡಿದರು. "ನನಗೆಲ್ಲಿ ಗೊತ್ತಾಗತ್ತೆ ಭಾವ" ಎಂದರು.

ನಾನು ಬಡಿಸುತ್ತಿದ್ದವಳು. ಇವರ ತಟ್ಟೆ ಹಾಗೇ ಇದೆ ಎಂಬುದು ನನಗೆ ಕಂಡಿತು. ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆ.

ಪತ್ರಿಕೆ ಬಂದ ದಿನ ಬೆಳಿಗ್ಗೆ ನಾನು ಬಿಟ್ಟಿ ಪ್ರತಿಯನ್ನು ಬಿಡಿಸಿ ನೋಡಿ ಅಲ್ಲೇ ಕುಸಿದು ಕೂತೆ. ಬೆನ್ನಿನ ಚಿತ್ರ ಮೂಲೆಯಲ್ಲಿ ಸಣ್ಣದಾಗಿ ಇತ್ತು. ಮುಖವಿಲ್ಲದ ಕೊಲೆಗಾರ ಸಂಪಾದಕರಿಗೆ ಹಿಡಿಸಿರಲಿಲ್ಲ. ಆಗ ಅಚ್ಚಿಗೆ ಹೋದ ಚಿತ್ರಗಳ ಲೋಹದ ಬ್ಲಾಕುಗಳನ್ನು ಮುದ್ರಣಾಲಯದಲ್ಲೇ ಇಟ್ಟಿರುತ್ತಿದ್ದರು. ಅವರು ಮೊದಲ ಕಂತಿನ ಬ್ಲಾಕನ್ನು ಹುಡುಕಿಸಿ ತೆಗೆದು, ಪುಟದ ನಟ್ಟನಡುವೆ ಮತ್ತೆ ಹಾಕಿದ್ದರು. ಅಣ್ಣನ ಗಾಜಿನ ಕೆಳಗಿದ್ದ ಅದೇ ಚಿತ್ರ. ಅಣ್ಣನ ಮುಖದ ಸುತ್ತ ದಪ್ಪ ಕಪ್ಪು ವೃತ್ತ. ಕೆಳಗೆ ದೊಡ್ಡ ಅಕ್ಷರದಲ್ಲಿ, ಕೊಲೆಗಾರ ಇವನೇ.

"ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ.

ಇವರು ನೆಲ ನೋಡುತ್ತಾ ಎಲ್ಲವನ್ನೂ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ದಿನ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬಯ್ಯಲಿಕ್ಕೆ ಇವರು ಎದುರು ಮಾತಾದರೂ ಆಡಬೇಕಲ್ಲ? ಒಂದು ಮಾತು, ಒಂದೇ ಒಂದು ಮಾತು ಆ ಭಾನುವಾರ ಅಣ್ಣನಿಗೆ ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದ. ಅಂಗಡಿಯವರಿಗೆಲ್ಲ ತಾನೇ ಮುಂದಾಗಿ ಹೇಳಿ ನಗಿಸುತ್ತಿದ್ದ. ಗಾಜಿನ ಕೆಳಗಿನ ಚಿತ್ರವನ್ನಾದರೂ ತೆಗೆದಿಡುತ್ತಿದ್ದ. ಈಗ ಏನೂ ಅರಿಯದೆ, ಗಿರಾಕಿಗಳ ನಡುವೆ ನಿಂತು, ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುತ್ತಾ ಆ ಪುಟ ತಿರುಗಿಸಿರುತ್ತಾನೆ.

ಹಾಗೇ ಆಗಿತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಎರಡು ದಿನ ಬಿಟ್ಟು ನಾನು ಅಂಗಡಿಗೆ ಹೋದೆ. ಇವರು ನನ್ನ ಜೊತೆ ಹೊರಟರು, ಆದರೆ ಎದುರು ಬದಿಯ ಪಾದಚಾರಿ ದಾರಿಯಲ್ಲೇ ನಿಂತುಬಿಟ್ಟರು. ನಾನೊಬ್ಬಳೇ ರಸ್ತೆ ದಾಟಿದೆ. ಒಳಗೆ ಕೆಮ್ಮಿನಜ್ಜಿ ಇದ್ದಳು. ಅವಳ ಔಷಧದ ಸೀಸೆಯನ್ನು ಅಣ್ಣ ಆಗತಾನೇ ಕೌಂಟರಿನ ಮೇಲೆ ಇಟ್ಟಿದ್ದ. ಅವಳು ಅದನ್ನು ಮುಟ್ಟದೆ ನಿಂತಿದ್ದಳು.

"ಒಂದು ಚಮಚ ನೀನು ಕುಡಿದು ತೋರಿಸಪ್ಪ" ಎಂದಳು.

ಹಿಂದೆ ನಿಂತಿದ್ದ ಬಸ್ ಕಂಡಕ್ಟರು ಕಿಸಕ್ಕನೆ ನಕ್ಕ. ಅಜ್ಜಿ ನಗಲಿಲ್ಲ, ಅವಳು ನಿಜವಾಗಿಯೇ ಹೇಳುತ್ತಿದ್ದಳು. ಅಣ್ಣ ಅವಳ ಮುಖ ನೋಡಿದ. ಒಂದು ಚಮಚ ತೆಗೆದ, ಸೀಸೆಯ ಮುಚ್ಚಳ ಬಿಚ್ಚಿ ಸುರಿದುಕೊಂಡು ಕುಡಿದ. "ಕಹಿ ಅಷ್ಟೇ ಅಜ್ಜಿ, ಬೇರೇನಿಲ್ಲ" ಎಂದ. ಅವಳು ಇನ್ನೂ ಸ್ವಲ್ಪ ಹೊತ್ತು ಅವನನ್ನೇ ನೋಡುತ್ತಾ ನಿಂತಿದ್ದು, ಆಮೇಲೆ ಸೀಸೆ ಎತ್ತಿಕೊಂಡು ಹೋದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತಿರುಗಿ ನೋಡಿದರೆ ರಸ್ತೆಯಾಚೆ ಇವರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಎಲ್ಲವನ್ನೂ ನೋಡಿದ್ದರು.

ಗಾಜಿನ ಕೆಳಗೆ ಚಿತ್ರ ಹಾಗೇ ಇತ್ತು. "ಇದನ್ನ ತೆಗಿ ಅಣ್ಣ" ಎಂದೆ.

"ತೆಗೆದ್ರೆ ತಪ್ಪು ಮಾಡಿದೋನ ಹಾಗೆ ಕಾಣತ್ತೆ. ಇರಲಿ ಬಿಡು" ಎಂದ.

ಕಂಡಕ್ಟರು ಹಲ್ಲು ಕಿರಿಯುತ್ತಾ ಕೇಳಿದ. "ಅಲ್ಲ ಸ್ವಾಮಿ, ನಿಮ್ಮ ತಂಗಿ ಯಜಮಾನ್ರಿಗೆ ಮೊದಲೇ ಗೊತ್ತಿರ್ಲಿಲ್ವಾ? ಬೇಕೂಂತ ಬರೆದ್ರಾ ಹೇಗೆ?"

ಅಣ್ಣ ಚಮಚ ಒರೆಸುತ್ತಾ ಹೇಳಿದ. "ಅವರಿಗೆಲ್ಲಿ ಗೊತ್ತಿರತ್ತೆ. ಕೊನೇ ಕಂತಿನ ಕತೆ ಅವರಿಗೆ ಕೊಡೋದೇ ಇಲ್ಲ. ಒಬ್ಬನ ಬೆನ್ನು ಬರೀರಿ ಅಂದ್ರು, ಬರೆದ್ರು, ಪಾಪ."

ಮನೆಗೆ ಬಂದು ಈ ಮಾತನ್ನು ಇವರಿಗೆ ಹೇಳಿ, "ಹಾಗಂತ ಅವನಿಗೆ ಯಾರು ಹೇಳಿದ್ದು?" ಎಂದು ಕೇಳಿದೆ.

"ನಾನಂತೂ ಹೇಳಿಲ್ಲ. ಪಾಪ, ತಾನೇ ಹಾಗಂದ್ಕೊಂಡಿದಾರೆ" ಎಂದು ಇವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ನನ್ನನ್ನ ಅಷ್ಟು ಒಳ್ಳೆಯವನು ಅಂದ್ಕೊಂಡಿದಾರೆ ಕಣೇ. ಬೈದಿದ್ರೆ ಎಷ್ಟೋ ವಾಸಿ ಇತ್ತು."

"ಹಾಗಾದ್ರೆ ಹೋಗಿ ಹೇಳಿ."

"ಯಾವ ಮುಖ ಇಟ್ಕೊಂಡು ಹೋಗಲಿ?"

ಅಣ್ಣ ಆ ಭಾನುವಾರ ಊಟಕ್ಕೆ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಅಂಗಡಿಯ ಸರಕು ಎಣಿಸಬೇಕು ಎಂದ, ತಲೆನೋವು ಎಂದ. ನಾನು ತಟ್ಟೆ ಹಾಕಿ, ಕಾದು, ಎತ್ತಿಟ್ಟೆ. ಇವರು ಒಂದು ಸಲವೂ "ಭಾವ ಯಾಕೆ ಬರಲಿಲ್ಲ" ಎಂದು ಕೇಳಲಿಲ್ಲ. ಅಂಗಡಿಯ ಬೀದಿ ಬಿಟ್ಟು ಹಿಂದಿನ ಬೀದಿಯಿಂದ ಸುತ್ತಿ ಕಚೇರಿಗೆ ಹೋಗಲು ಶುರುಮಾಡಿದರು. ಅಂಗಡಿಗೆ ಗಿರಾಕಿಗಳು ಸ್ವಲ್ಪ ದಿನ ಕಡಿಮೆಯಾಗಿ ಮತ್ತೆ ಬಂದರು. ಬೇರೆ ಅಂಗಡಿ ಅಷ್ಟು ದೂರ ಇದೆ, ಎಷ್ಟು ದಿನ ನಡೆದಾರು? ನನ್ನ ತವರಿನಿಂದ ಮಾತ್ರ ಯಾರೂ ಬರಲಿಲ್ಲ. ಅಣ್ಣನಿಗೆ ಚಿತ್ರದ ಮೇಲೆ ಬೇಜಾರು ಎಂದೇ ನಾನೂ ತಿಳಿದಿದ್ದೆ.

ಹೊಸ ಧಾರಾವಾಹಿ ಶುರುವಾಯಿತು. ಅದರಲ್ಲೂ ಒಬ್ಬ ಪರಮ ಸಾಧು ಇದ್ದ, ಅನಾಥ ಮಕ್ಕಳಿಗೆ ಪಾಠ ಹೇಳುವ ಒಬ್ಬ ಮೇಷ್ಟ್ರು. ಇವರು ಆ ಹಾಳೆಗಳನ್ನು ಓದಿ, ಎದ್ದುಹೋಗಿ ಬಚ್ಚಲುಮನೆಯ ಗೋಡೆಯ ಕನ್ನಡಿ ಬಿಚ್ಚಿ ತಂದು ಮೇಜಿನ ಮೇಲೆ ನಿಲ್ಲಿಸಿದರು. ಮೇಷ್ಟ್ರಿಗೆ ಕೊಟ್ಟದ್ದು ತಮ್ಮದೇ ಮುಖ. ಬೋಳಾಗುತ್ತಿರುವ ಹಣೆ, ಕೆಳಗಿಳಿದ ತುಟಿ, ಯಾವುದನ್ನೂ ಬಚ್ಚಿಡಲಿಲ್ಲ.

"ಇದೇನು ಹುಚ್ಚು?" ಎಂದೆ.

"ಎಲ್ಲರಿಗಿಂತ ಒಳ್ಳೆಯವನೇ ಕೊಲೆಗಾರ ಆಗ್ತಾನಲ್ಲ. ಆಗಲಿ. ಈ ಸಲ ಬೀದಿಯವರೆಲ್ಲ ನನ್ನನ್ನ ನೋಡಿ ನಗಲಿ. ಭಾವನೂ ನೋಡಲಿ" ಎಂದರು.

ತಮಗೆ ತಾವೇ ಹಾಕಿಕೊಂಡ ಶಿಕ್ಷೆ ಅದು. ವಾರವಾರ ಆ ಮೇಷ್ಟ್ರು ಇನ್ನಷ್ಟು ಒಳ್ಳೆಯವನಾಗುತ್ತಾ ಹೋದ, ಇವರು ಇನ್ನಷ್ಟು ಆಸೆಯಿಂದ ಕಾಯುತ್ತಾ ಹೋದರು. ನಾನು ಅಂಗಡಿಗೆ ಹೋದಾಗಲೆಲ್ಲ ಅಣ್ಣ ಪತ್ರಿಕೆ ಓದುತ್ತಿರುವುದು ಕಾಣುತ್ತಿತ್ತು. ಆ ಮುಖದ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ.

ಕೊನೆಯ ಕಂತಿನ ಹಾಳೆಗಳು ಇವರ ಕೈಗೆ ಬಂದವು. ಮೇಷ್ಟ್ರು ಕೊಲೆಗಾರನಲ್ಲ. ಮನೆಯ ಮ್ಯಾನೇಜರು ಕೊಲೆಗಾರ. ಮೇಷ್ಟ್ರು ಮೊದಲಿನಿಂದ ಕೊನೆಯವರೆಗೂ ಒಳ್ಳೆಯವನೇ, ಪತ್ತೇದಾರ ಎಲ್ಲರೆದುರಿಗೆ ಅವನ ಕೈ ಕುಲುಕಿ, ಸತ್ಯವಂತರಿಗೆ ಅಂಜಿಕೆ ಇಲ್ಲ ಎಂದು ಹೊಗಳುತ್ತಾನೆ. ಚಿತ್ರವೂ ಅದರದ್ದೇ ಬೇಕು ಎಂದಿದ್ದರು ಸಂಪಾದಕರು.

ನನಗೆ ನಗು ಬಂತು, ಇವರ ಮುಖ ನೋಡಿ ನುಂಗಿಕೊಂಡೆ. ಮೇಜಿನ ಮುಂದೆ ತಲೆ ಹಿಡಿದುಕೊಂಡು ಕೂತಿದ್ದರು. "ಸತ್ಯವಂತ ಅಂತೆ. ಈ ಮುಖಕ್ಕೆ. ಇದನ್ನ ನನ್ನ ಕೈಯಾರೆ ಬರೀಬೇಕಂತೆ" ಎಂದರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನಡಿ" ಎಂದರು.

"ಎಲ್ಲಿಗೆ?"

"ನಿನ್ನ ತವರಿಗೆ."

ಎಷ್ಟೋ ತಿಂಗಳ ನಂತರ ಆ ಬೀದಿಯಲ್ಲಿ ಹೆಜ್ಜೆ ಇಟ್ಟರು. ಅಂಗಡಿಯಲ್ಲಿ ಜನ ಇದ್ದರು. ಕಂಡಕ್ಟರು ಇದ್ದ, ಸೀಸೆ ಹಿಡಿದ ಕೆಮ್ಮಿನಜ್ಜಿ ಸ್ಟೂಲಿನ ಮೇಲೆ ಕೂತಿದ್ದಳು, ಅಣ್ಣ ಅವಳಿಗೆ ಆ ವಾರದ ಕಂತು ಓದಿ ಹೇಳುತ್ತಿದ್ದ. ಜನ ಕರಗುವವರೆಗೆ ಕಾಯೋಣ ಎಂದು ನಾನು ತೋಳು ಹಿಡಿದೆ. ಇವರು ಬಿಡಿಸಿಕೊಂಡರು. ಆಗ ಬಿಟ್ಟರೆ ಇನ್ನು ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು ಎಂದು ಕಾಣುತ್ತದೆ. ಕೌಂಟರಿನ ಹತ್ತಿರ ಹೋಗಿ, ನಮಸ್ಕಾರವೂ ಇಲ್ಲ, ಯೋಗಕ್ಷೇಮವೂ ಇಲ್ಲ, ಪಾಠ ಒಪ್ಪಿಸುವ ಹಾಗೆ ಹೇಳಿಬಿಟ್ಟರು.

"ಭಾವ, ಮೇಷ್ಟ್ರು ಕೊಲೆಗಾರ ಅಲ್ಲ. ಮ್ಯಾನೇಜರು. ಕೊನೇ ಕಂತು ಇವತ್ತು ನನ್ನ ಕೈಗೆ ಬಂತು. ಕೊನೇ ಕಂತು ನನ್ನ ಕೈಗೆ ಬರತ್ತೆ ಭಾವ. ಮೊದಲೇ ಬರತ್ತೆ. ಹೋದ ಸಲಾನೂ..."

"ಏನ್ ಸ್ವಾಮಿ ಇದು, ಇಷ್ಟು ವಾರ ಕಾದಿದ್ದೆಲ್ಲ ಹಾಳು ಮಾಡಿದ್ರಲ್ಲ" ಎಂದು ಕಂಡಕ್ಟರು ತಲೆ ಚಚ್ಚಿಕೊಂಡ. ಅಜ್ಜಿ, "ಏನಂತೆ, ಯಾರಂತೆ?" ಎಂದು ಎಲ್ಲರ ಮುಖ ನೋಡಿದಳು.

ಅಣ್ಣ ಪತ್ರಿಕೆ ಮಡಚಿದ. ಇವರು ಇನ್ನೂ ಹೇಳಲು ಬಾಯಿ ತೆರೆದಿದ್ದರು. ಅಣ್ಣ ಅವರ ಮುಂಗೈಯ ಮೇಲೆ ಕೈ ಇಟ್ಟು ತಡೆದ. "ಬಿಸಿಲಲ್ಲಿ ಬಂದಿದೀರಿ. ಒಳಗೆ ಬಂದು ಕೂತ್ಕೊಳ್ಳಿ" ಎಂದ. ಆಮೇಲೆ ಗಿರಾಕಿಗಳ ಕಡೆ ತಿರುಗಿ, ಮೊದಲಿನ ಅದೇ ಧಾಟಿಯಲ್ಲಿ, ಅದೇ ಮುಖ ಇಟ್ಟುಕೊಂಡು ಹೇಳಿದ. "ಇವರ ಮಾತು ನಂಬಬೇಡಿ, ತಮಾಷೆ ಮಾಡ್ತಿದಾರೆ. ಇವರಿಗೆಲ್ಲಿ ಗೊತ್ತಿರತ್ತೆ. ಕೊನೇ ಕಂತಿನ ಕತೆ ಇವರಿಗೆ ಕೊಡೋದೇ ಇಲ್ಲ."

ಕಂಡಕ್ಟರು ಸಮಾಧಾನವಾಗಿ ನಕ್ಕ. ಇವರು ನಗಲಿಲ್ಲ. ಅಣ್ಣನ ಮುಖವನ್ನೇ ನೋಡುತ್ತಾ ನಿಂತಿದ್ದರು. ನನಗೂ ಆಗಲೇ ಹೊಳೆದದ್ದು. ನಿಜ ಕೇಳಿಸಿಕೊಂಡ ಮರುಕ್ಷಣವೇ ಇಷ್ಟು ಸಲೀಸಾಗಿ ಸುಳ್ಳು ಹೇಳುವವನು, ಹೋದ ಸಲ ಹೇಳಿದಾಗಲೂ ನಿಜ ಗೊತ್ತಿದ್ದೇ ಹೇಳಿದ್ದ.

ಗಿರಾಕಿಗಳು ಹೋದ ಮೇಲೆ ಇವರು ಔಷಧದ ಪೆಟ್ಟಿಗೆಗಳ ನಡುವೆ ಕೂತು ಕೇಳಿದರು. "ಯಾವಾಗಿಂದ ಗೊತ್ತಿತ್ತು ಭಾವ?"

"ಬೆನ್ನು ನೋಡಿದಾಗಿಂದ. ಮುಖ ಕೊಡದೆ ನೀವು ಯಾರನ್ನೂ ಬರೆದೋರಲ್ಲ."

"ಮತ್ತೆ ಎಲ್ಲರ ಹತ್ತಿರ ಯಾಕೆ ಹಾಗೆ..."

"ಇನ್ನೇನು ಹೇಳಬೇಕಿತ್ತು? ನನ್ನ ತಂಗಿ ಗಂಡ ನನ್ನ ಎದುರಿಗೇ ಕೂತು ಊಟ ಮಾಡ್ತಾ ಸುಳ್ಳು ಹೇಳಿದ ಅಂತಲಾ?" ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. "ನನ್ನ ಮುಖ ಕೊಲೆಗಾರನಿಗೆ ಕೊಟ್ಟದ್ದಕ್ಕೆ ನನಗೇನೂ ಆಗಿಲ್ಲ. ಅದು ಕತೆ. ಇದನ್ನ ಹೇಳೋಕೆ ನನಗೇ ನಾಚಿಕೆ ಆಗ್ತಿತ್ತು."

ನಾನು ಅಳುತ್ತಾ ಕೇಳಿದೆ. "ಅದಕ್ಕೆ ಊಟಕ್ಕೆ ಬರೋದು ಬಿಟ್ಟೆಯಾ?"

"ಹೇಗೆ ಬರಲಿ? ಇವರು ಮುಖ ನೋಡೋರು. ನನಗೆ ಗೊತ್ತಾಗಿದೆ ಅಂತ ಇವರಿಗೆ ಗೊತ್ತಾಗಿಬಿಡ್ತಿತ್ತು. ಆಮೇಲೆ ಇವರು ನನ್ನ ಮುಂದೆ ಹೇಗೆ ಕೂರಬೇಕು?" ಎಂದ ಅಣ್ಣ.

ಅಂಗಡಿಯ ಹೊರಗೆ ಬಸ್ಸೊಂದು ಹಾದುಹೋಯಿತು. ಗಾಜಿನ ಕೆಳಗಿನ ಚಿತ್ರದಲ್ಲಿ ಶಾಯಿ ಕಂದಾಗಿತ್ತು, ಹುಬ್ಬಿನ ಮೇಲಿನ ಗೆರೆ ಇನ್ನೂ ಸ್ಪಷ್ಟವಾಗಿಯೇ ಇತ್ತು. ಇವರು ಅದನ್ನೇ ನೋಡುತ್ತಿದ್ದರು. ಕ್ಷಮಿಸಿ ಎಂಬ ಮಾತು ಬಾಯಿಯವರೆಗೆ ಬಂದು ನಿಂತಿತ್ತು, ಹೊರಗೆ ಬರಲಿಲ್ಲ. ಅಣ್ಣನೇ ಎದ್ದು, "ಭಾನುವಾರ ಬರ್ತೀನಿ ಚಿತ್ರಗಾರರೇ. ಕೊಲೆಗಾರನ ಹೆಸರು ಹೇಳಿ ಪತ್ರಿಕೆ ದುಡ್ಡಂತೂ ದಂಡ ಮಾಡಿದ್ರಿ, ಊಟವಾದ್ರೂ ಹಾಕಿಸಿ" ಎಂದ.

ಅಣ್ಣ ಬಂದ. ನಾನು ಎಂದಿನಂತೆ ಎದುರುಬದುರಾಗಿ ಎರಡು ತಟ್ಟೆ ಹಾಕಿದೆ. ಇವರು ತಮ್ಮ ತಟ್ಟೆಯನ್ನು ಎತ್ತಿಕೊಂಡು ಬಂದು ಅಣ್ಣನ ಪಕ್ಕದಲ್ಲಿ ಇಟ್ಟುಕೊಂಡು ಕೂತರು. ಅಣ್ಣ ಏನೂ ಕೇಳದೆ ಸ್ವಲ್ಪ ಸರಿದು ಜಾಗ ಮಾಡಿದ. ಅದಾಗಿ ಎಷ್ಟೋ ವರ್ಷಗಳಾದವು, ಆ ಪತ್ರಿಕೆಯೂ ಈಗಿಲ್ಲ. ನನ್ನ ಅಣ್ಣ ಊಟಕ್ಕೆ ಬಂದರೆ ಇವರು ಇವತ್ತಿಗೂ ಅವನ ಎದುರು ಕೂರುವುದಿಲ್ಲ, ಪಕ್ಕದಲ್ಲೇ ಕೂರುತ್ತಾರೆ.